ಕೆಂಡದ ಹೆಸರು ಹೊತ್ತ ಮೀನು

ಮನುಷ್ಯನು ಮೀನನ್ನು ಬೇಯಿಸಲು ಕಲಿತ ವಿಧಾನಗಳಲ್ಲಿ ಕೆಂಡದ ಮೇಲೆ ಸುಡುವುದು ಬಹು ಪ್ರಾಚೀನವಾದುದು. ಪಾತ್ರೆಯಿಲ್ಲದೆ, ಎಣ್ಣೆಯಿಲ್ಲದೆ, ಬೆಂಕಿಯೊಂದರ ಬಲದಿಂದಲೇ ಆಗುವ ಅಡುಗೆ ಅದು. ಪಶ್ಚಿಮ ಆಫ್ರಿಕದ ಕರಾವಳಿಯ ಜನರು ಈ ಹಳೆಯ ವಿದ್ಯೆಗೆ ಖಾರ, ಹುಳಿ ಮತ್ತು ಮಸಾಲೆಯ ಸಂಸ್ಕಾರವನ್ನಿತ್ತು, ಅದನ್ನು ತಮ್ಮ ಸಂಜೆಯೂಟದ ಹಿರಿಮೆಯನ್ನಾಗಿ ಮಾಡಿಕೊಂಡಿದ್ದಾರೆ. ಅಲ್ಲಿಯ ಐವರಿ ಕೋಸ್ಟ್ ದೇಶದ ಸುಟ್ಟ ಮೀನನ್ನು ನಮ್ಮ ಮನೆಯ ಹಿತ್ತಿಲಿನಲ್ಲಿಯೇ ಸಿದ್ಧಪಡಿಸುವ ಬಗೆಯನ್ನು ಇಲ್ಲಿ ವಿವರಿಸಲಾಗಿದೆ. ಬೇಕಾಗುವ ಸಾಮಗ್ರಿಗಳು ಬಹುಮಟ್ಟಿಗೆ ನಮ್ಮ ಅಡುಗೆಮನೆಯಲ್ಲಿಯೇ ಇವೆ ಎಂಬುದು ಮೊದಲ ಸಂತೋಷ. ಅವು ಅಲ್ಲಿಗೂ ಇಲ್ಲಿಗೂ ಬಂದ ದಾರಿ ಹೆಚ್ಚುಕಡಿಮೆ ಒಂದೇ ಎಂಬುದು ಎರಡನೆಯ ವಿಸ್ಮಯ.

ಹೆಸರಿನ ಕಥೆ

ಐವರಿ ಕೋಸ್ಟ್ 1960ರವರೆಗೆ ಫ್ರಾನ್ಸಿನ ವಸಾಹತುವಾಗಿತ್ತು. ಆಡಳಿತದ ಭಾಷೆ ಇಂದಿಗೂ ಫ್ರೆಂಚ್. ಈ ಮೀನಿಗೆ ಅಲ್ಲಿ ‘ಪ್ವಾಸೋಂ ಬ್ರೆಜೆ’ ಎಂದು ಹೆಸರು. ‘ಪ್ವಾಸೋಂ’ ಎಂದರೆ ಮೀನು. ‘ಬ್ರೆಜ್’ ಎಂದರೆ ಕೆಂಡ. ಫ್ರಾನ್ಸಿನ ಅಡುಗೆಯಲ್ಲಿ ‘ಬ್ರೆಜೆ’ ಎಂಬ ಮಾತಿಗೆ ಮುಚ್ಚಿದ ಪಾತ್ರೆಯೊಳಗೆ ಸ್ವಲ್ಪವೇ ರಸದಲ್ಲಿ ನಿಧಾನವಾಗಿ ಬೇಯಿಸುವುದು ಎಂಬ ಅರ್ಥವುಂಟು. ಐವರಿ ಕೋಸ್ಟಿನ ಜನರ ಬಾಯಲ್ಲಿ ಅದೇ ಮಾತು ಮರಳಿ ಕೆಂಡದ ಬಳಿಗೆ ಬಂದಿತು: ಅಲ್ಲಿ ‘ಬ್ರೆಜೆ’ ಎಂದರೆ ನೇರವಾಗಿ ಕೆಂಡದ ಮೇಲೆ ಸುಟ್ಟದ್ದು. ಆಳಿದವರ ಭಾಷೆಯಿಂದ ಬಂದ ಪದಕ್ಕೆ ಒಲೆಯ ಮುಂದೆ ಕುಳಿತವರು ತಮ್ಮದೇ ಅರ್ಥವನ್ನು ಕೊಟ್ಟರು.

ದೇಶದ ಅತಿ ದೊಡ್ಡ ನಗರವಾದ ಅಬಿಜಾನ್ ಎಬ್ರಿಯೆ ಎಂಬ ಹಿನ್ನೀರಿನ ದಡದಲ್ಲಿದೆ. ಅಲ್ಲಿ ‘ಮಾಕಿ’ ಎಂದು ಕರೆಯುವ ಬಯಲು ಭೋಜನಶಾಲೆಗಳಿವೆ. ಮಾಡಿನ ಕೆಳಗೆ ನಾಲ್ಕು ಮೇಜು, ಹೊರಗೆ ಇದ್ದಲಿನ ಒಲೆ, ಅದರ ಮುಂದೆ ಅಡುಗೆ ಮಾಡುವ ಹೆಂಗಸು, ಇಷ್ಟಿದ್ದರೆ ಮಾಕಿಯಾಯಿತು. ಮೀನಿನ ಜೊತೆಗೆ ಹೆಚ್ಚಿದ ಟೊಮೇಟೊ, ಈರುಳ್ಳಿ, ಸೌತೆಕಾಯಿ, ಪಕ್ಕದಲ್ಲಿ ಖಾರದ ಚಟ್ನಿ, ಮತ್ತು ‘ಅಚೆಕೆ’ ಎಂಬ ಮರಗೆಣಸಿನ ಹುಳಿತರಿ ಬರುತ್ತವೆ. ಎಲ್ಲರೂ ಕೈ ತೊಳೆದು, ಒಂದೇ ತಟ್ಟೆಯ ಸುತ್ತ ಕುಳಿತು, ಕೈಯಿಂದಲೇ ಉಣ್ಣುತ್ತಾರೆ.

ನೆರೆಯ ದೇಶಗಳಲ್ಲಿ ಇದರ ಬಂಧುಗಳಿವೆ. ಘಾನಾದಲ್ಲಿ ಸುಟ್ಟ ತಿಲಾಪಿಯಾ ಮೀನನ್ನು ಮೆಕ್ಕೆಜೋಳ ಮತ್ತು ಮರಗೆಣಸಿನ ಹುಳಿಹಿಟ್ಟಿನ ಮುದ್ದೆಯಾದ ‘ಬಂಕು’ವಿನೊಡನೆ ತಿನ್ನುತ್ತಾರೆ. ನೈಜೀರಿಯದ ಪೋರ್ಟ್ ಹಾರ್ಕೋರ್ಟ್ ನಗರದಲ್ಲಿ ಸುಟ್ಟ ಬಾಳೆಕಾಯಿಯ ಜೊತೆ ಸುಟ್ಟ ಮೀನು ಪ್ರಸಿದ್ಧ. ಸೆನೆಗಲ್ಲಿನಲ್ಲಿ ನಿಂಬೆರಸ, ಸಾಸಿವೆ, ಈರುಳ್ಳಿಗಳಲ್ಲಿ ನೆನೆಸಿ ಸುಟ್ಟ ಮೀನನ್ನು ಮತ್ತೆ ಈರುಳ್ಳಿಯ ಗೊಜ್ಜಿನಲ್ಲಿ ಕುದಿಸಿ ‘ಯಾಸ್ಸಾ’ ಮಾಡುತ್ತಾರೆ.

ಒಂದೇ ದಾರಿಯ ಅತಿಥಿಗಳು

ಮೆಣಸಿನಕಾಯಿ, ಟೊಮೇಟೊ, ಮರಗೆಣಸು ಈ ಮೂರೂ ಅಮೆರಿಕ ಖಂಡದ ಸಸ್ಯಗಳು. ಹದಿನೈದನೆಯ ಶತಮಾನದ ಕೊನೆಗೆ ಐರೋಪ್ಯರು ಅಟ್ಲಾಂಟಿಕ್ ಸಾಗರವನ್ನು ದಾಟಿದ ಬಳಿಕವೇ ಅವು ಲೋಕವನ್ನೆಲ್ಲ ಸುತ್ತಿದವು. ಪೋರ್ಚುಗೀಸರ ಹಡಗುಗಳು ಮೆಣಸಿನಕಾಯಿಯನ್ನು ಆಫ್ರಿಕದ ಪಶ್ಚಿಮ ತೀರಕ್ಕೂ ನಮ್ಮ ಪಶ್ಚಿಮ ಕರಾವಳಿಗೂ ತಂದವು. ಅದಕ್ಕಿಂತ ಮೊದಲು ಆಫ್ರಿಕದ ಆ ತೀರದಲ್ಲಿ ಖಾರಕ್ಕೆ ಬಳಸುತ್ತಿದ್ದದ್ದು ಏಲಕ್ಕಿಯ ಕುಲಕ್ಕೆ ಸೇರಿದ ‘ಮೆಲೆಗೆಟ’ ಎಂಬ ಬೀಜ. ನಮ್ಮಲ್ಲಿ ಬಳಸುತ್ತಿದ್ದದ್ದು ಕಾಳುಮೆಣಸು. ಹೊಸಬ ಬಂದ ಮೇಲೆ ನಮ್ಮ ಹಿರಿಯರು ಅವನನ್ನು ‘ಮೆಣಸಿನಕಾಯಿ’ ಎಂದು ಕರೆದರು. ಹಳೆಯ ಮೆಣಸನ್ನು ಬೇರೆಯಾಗಿ ಗುರುತಿಸಲು ‘ಕಾಳುಮೆಣಸು’, ‘ಒಳ್ಳೆಮೆಣಸು’ ಎನ್ನಬೇಕಾಯಿತು. ಕಾಸರಗೋಡು, ದಕ್ಷಿಣ ಕನ್ನಡದ ಅಜ್ಜಿಯಂದಿರ ಬಾಯಲ್ಲಿ ‘ಒಳ್ಳೆಮೆಣಸು’ ಇನ್ನೂ ಉಳಿದಿದೆ.

ಮರಗೆಣಸಿನ ಕಥೆಯೂ ಹೀಗೆಯೇ. ಬ್ರೆಜಿಲಿನಿಂದ ಪೋರ್ಚುಗೀಸರ ಮೂಲಕ ಆಫ್ರಿಕಕ್ಕೆ ಹೋದ ಈ ಗೆಡ್ಡೆ ಅಲ್ಲಿಯ ಕೋಟ್ಯಂತರ ಜನರ ಮುಖ್ಯ ಆಹಾರವಾಯಿತು. ಕೇರಳದಲ್ಲಿ ಇದರ ಬೇಸಾಯಕ್ಕೆ ಉತ್ತೇಜನ ನೀಡಿದವರೆಂದು 1880ರಿಂದ 1885ರವರೆಗೆ ಆಳಿದ ತಿರುವಾಂಕೂರಿನ ಅರಸ ವಿಶಾಖಂ ತಿರುನಾಳರನ್ನು ಸ್ಮರಿಸುತ್ತಾರೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಬರ್ಮಾದ ಅಕ್ಕಿ ನಿಂತುಹೋದಾಗ ಅನೇಕ ಮನೆಗಳ ಹಸಿವನ್ನು ನೀಗಿದ್ದು ಇದೇ ಗೆಡ್ಡೆ. ಇತ್ತ ಆಫ್ರಿಕದ ಮೂಲದ ತಿಲಾಪಿಯಾ 1952ರಲ್ಲಿ ಭಾರತಕ್ಕೆ ಬಂದು, ಇಂದು ನಮ್ಮ ಹೊಳೆ ಕೆರೆಗಳಲ್ಲಿಯೂ ಸಂತೆಯಲ್ಲಿಯೂ ಸಾಮಾನ್ಯವಾಗಿದೆ.

ಸಿದ್ಧತೆ

ನಾಲ್ವರಿಗೆ ತಲಾ ಅರ್ಧ ಕಿಲೋ ತೂಗುವ ಎರಡು ಇಡೀ ಮೀನುಗಳು ಸಾಕು. ತಿಲಾಪಿಯಾ ಅಥವಾ ಮಾಂಜಿ ಒಳ್ಳೆಯದು. ಬಂಗುಡೆಯಾದರೆ ನಾಲ್ಕೈದು ಬೇಕಾದೀತು. ಕಣ್ಣು ಹೊಳೆಯುವ, ಕಿವಿರು ಕೆಂಪಾಗಿರುವ ಮೀನನ್ನೇ ಆರಿಸಿರಿ. ಹುರುಪೆ, ಕರುಳು, ಕಿವಿರುಗಳನ್ನು ತೆಗೆದು ತೊಳೆದು, ಬಟ್ಟೆಯಿಂದ ಒಳಗೂ ಹೊರಗೂ ಒರೆಸಿರಿ. ನೀರಿನ ಪಸೆ ಉಳಿದರೆ ಮೀನು ಸುಡುವ ಬದಲು ಬೇಯುತ್ತದೆ, ಸಿಪ್ಪೆ ಕಂಬಿಗೆ ಅಂಟುತ್ತದೆ. ಎರಡೂ ಬದಿಗಳಲ್ಲಿ ಮುಳ್ಳಿನವರೆಗೆ ಮೂರು ಮೂರು ಓರೆ ಗೀರು ಹಾಕಿರಿ. ಮಸಾಲೆ ಒಳಸೇರುವುದಕ್ಕೂ ದಪ್ಪ ಭಾಗ ಸಮನಾಗಿ ಬೇಯುವುದಕ್ಕೂ ಈ ಗೀರುಗಳೇ ದಾರಿ.

ಮಸಾಲೆಗೆ ಒಂದು ಈರುಳ್ಳಿ, ಎಂಟು ಎಸಳು ಬೆಳ್ಳುಳ್ಳಿ, ಒಂದು ಅಂಗುಲ ಶುಂಠಿ, ಒಂದು ಚಮಚ ಕಾಳುಮೆಣಸು, ಒಂದು ಹಿಡಿ ಕೊತ್ತಂಬರಿ ಸೊಪ್ಪು, ಅರ್ಧ ಚಮಚ ಸಾಸಿವೆ, ಎರಡು ಚಮಚ ಎಣ್ಣೆ, ಅರ್ಧ ನಿಂಬೆಹಣ್ಣಿನ ರಸ ಮತ್ತು ಉಪ್ಪು. ಅಲ್ಲಿ ಕೊತ್ತಂಬರಿಯ ಬದಲು ಪಾರ್ಸ್ಲಿ ಎಂಬ ಸೊಪ್ಪನ್ನೂ, ಸಾಸಿವೆಯ ಬದಲು ಫ್ರೆಂಚರ ಸಾಸಿವೆ ಗೊಜ್ಜನ್ನೂ ಹಾಕುತ್ತಾರೆ. ಮ್ಯಾಗಿಯ ರುಚಿಗಟ್ಟಿಯೊಂದನ್ನು ಪುಡಿಮಾಡಿ ಸೇರಿಸುವುದೂ ರೂಢಿ. ಗಟ್ಟಿ ಬಳಸಿದರೆ ಉಪ್ಪನ್ನು ಕಡಿಮೆ ಮಾಡಬೇಕು. ಖಾರಕ್ಕೆ ಅಲ್ಲಿ ಬುಗುರಿಯಾಕಾರದ, ಪರಿಮಳವುಳ್ಳ ತೀಕ್ಷ್ಣ ಮೆಣಸಿನಕಾಯಿ. ನಮಗೆ ನಾಲ್ಕೈದು ಗಾಂಧಾರಿ ಮೆಣಸು ಸಾಕು. ಪರಿಮಳ ಬೇರೆಯಾದರೂ ಉರಿಯಲ್ಲಿ ಕೊರತೆಯಾಗದು.

ಎಲ್ಲವನ್ನೂ ನುಣ್ಣಗೆ ಅರೆದು ಮೀನಿನ ಮೇಲೂ ಗೀರುಗಳೊಳಗೂ ಹೊಟ್ಟೆಯೊಳಗೂ ಸವರಿ, ಮುಚ್ಚಿ, ಒಂದು ಗಂಟೆ ಫ್ರಿಜ್ಜಿನಲ್ಲಿಡಿ. ಹೆಚ್ಚು ಹೊತ್ತು ಇಟ್ಟರೆ ನಿಂಬೆಯ ಹುಳಿಗೆ ಮಾಂಸ ಬಿರುಸಾಗುತ್ತದೆ.

ಕೆಂಡದ ಹದ

ತೆಂಗಿನ ಗೆರಟೆಯ ಕೆಂಡ ಇದಕ್ಕೆ ಬಹಳ ಒಳ್ಳೆಯದು. ಒಲೆಯನ್ನು ಅಂಗಳದಲ್ಲಿ ಅಥವಾ ಹಿತ್ತಿಲಿನಲ್ಲಿಯೇ ಹೂಡಬೇಕು. ಮುಚ್ಚಿದ ಕೋಣೆಯಲ್ಲಿ ಕೆಂಡ ಉರಿಸಿದರೆ ಕಣ್ಣಿಗೆ ಕಾಣದ, ವಾಸನೆಯಿಲ್ಲದ ವಿಷಾನಿಲ ತುಂಬಿ ಪ್ರಾಣಾಪಾಯವಾದೀತು. ಜ್ವಾಲೆ ಅಡಗಿ, ಕೆಂಡದ ಮೇಲೆ ಬಿಳಿಯ ಬೂದಿ ಕವಿಯುವವರೆಗೆ ಕಾಯಿರಿ. ಅಂಗೈಯನ್ನು ಕಂಬಿಯ ಮೇಲೆ ಒಂದು ಗೇಣು ಎತ್ತರದಲ್ಲಿ ಹಿಡಿದು ನಾಲ್ಕೈದು ಎಣಿಸುವಷ್ಟು ಹೊತ್ತು ತಾಳಲು ಸಾಧ್ಯವಾದರೆ ಹದ ಸರಿ.

ಕಂಬಿಗೂ ಮೀನಿಗೂ ಎಣ್ಣೆ ಸವರಿ ಮೀನನ್ನಿಡಿ. ಎಂಟರಿಂದ ಹತ್ತು ನಿಮಿಷ ಅದನ್ನು ಮುಟ್ಟಬೇಡಿ. ಸಿಪ್ಪೆ ಗರಿಯಾದಾಗ ಅದು ತಾನಾಗಿಯೇ ಕಂಬಿಯನ್ನು ಬಿಡುತ್ತದೆ. ಎಳೆದು ತೆಗೆದರೆ ಹರಿಯುತ್ತದೆ. ಒಮ್ಮೆ ಮಾತ್ರ ಮಗುಚಿ, ಉಳಿದ ಮಸಾಲೆಗೆ ಎಣ್ಣೆ ಬೆರೆಸಿ ಸವರಿ, ಮತ್ತೆ ಅಷ್ಟೇ ಹೊತ್ತು ಸುಡಿ. ಹಸಿ ಮೀನು ತಾಗಿದ ಆ ಮಸಾಲೆಯನ್ನು ಕೊನೆಯ ಗಳಿಗೆಯಲ್ಲಿ ಸವರಬಾರದು. ಅದೂ ಚೆನ್ನಾಗಿ ಬೇಯಬೇಕು. ಮುಳ್ಳಿನ ಬುಡದ ಮಾಂಸ ಬೆಳ್ಳಗಾಗಿ ಸುಲಭವಾಗಿ ಬಿಡಿಸಿಕೊಂಡರೆ ಮೀನು ಬೆಂದಿದೆ. ಕೆಂಡದ ಅನುಕೂಲವಿಲ್ಲದ ಮನೆಯಲ್ಲಿ ದಪ್ಪ ಕಬ್ಬಿಣದ ಕಾವಲಿಯಲ್ಲಿ ಸ್ವಲ್ಪ ಎಣ್ಣೆಯಿಂದ ಮಾಡಬಹುದು. ಹೊಗೆಯ ಪರಿಮಳವೊಂದು ಇರದು.

ಬಡಿಸುವಾಗ ಹೆಚ್ಚಿದ ಟೊಮೇಟೊ, ಈರುಳ್ಳಿ, ಸೌತೆಕಾಯಿಗೆ ಉಪ್ಪು, ನಿಂಬೆರಸ, ಎಣ್ಣೆ ಬೆರೆಸಿ ಮೀನಿನ ಮೇಲೆ ಹರಡಿರಿ. ಖಾರದ ಚಟ್ನಿಯನ್ನು ಬೇರೆಯೇ ಇಟ್ಟರೆ ಮಕ್ಕಳೂ ಉಣ್ಣಬಹುದು. ಅವರಿಗೆ ಮುಳ್ಳು ಬಿಡಿಸಿಯೇ ಕೊಡಿರಿ.

ಅಚೆಕೆ ಮತ್ತು ಬಾಳೆಹಣ್ಣು

ಜೊತೆಯ ಅಚೆಕೆ ಅಷ್ಟು ಸುಲಭದ ತಿನಿಸಲ್ಲ. ಮರಗೆಣಸಿನಲ್ಲಿ ಸಯನೈಡ್ ವಿಷವನ್ನು ಬಿಡುಗಡೆ ಮಾಡುವ ದ್ರವ್ಯಗಳಿರುತ್ತವೆ; ಕಹಿ ತಳಿಗಳಲ್ಲಿ ಹೆಚ್ಚು. ಹಿನ್ನೀರಿನ ದಡದ ಹೆಂಗಸರು ಗೆಡ್ಡೆಯನ್ನು ಸುಲಿದು, ತೊಳೆದು, ತುರಿದು, ಹುದುಗಿದ ಹಳೆಯ ಗೆಣಸನ್ನು ಹೆಪ್ಪಾಗಿ ಬೆರೆಸಿ ಹುಳಿಯಲು ಬಿಡುತ್ತಾರೆ. ಬಳಿಕ ಚೀಲದಲ್ಲಿ ಕಟ್ಟಿ ಭಾರವಿಟ್ಟು ರಸವನ್ನು ಹಿಂಡಿ, ಜರಡಿ ಹಿಡಿದು, ಕೈಯಿಂದ ಸಣ್ಣ ತರಿಯಾಗಿಸಿ, ಆವಿಯಲ್ಲಿ ಬೇಯಿಸುತ್ತಾರೆ. ಒಂದೊಂದು ಹಂತದಲ್ಲಿಯೂ ವಿಷ ಕಡಿಮೆಯಾಗುತ್ತ ರುಚಿ ಹೆಚ್ಚುತ್ತದೆ. ಪ್ರಯೋಗಾಲಯವಿಲ್ಲದೆ ತಾಯಿ ಮಗಳಿಗೆ ಕಲಿಸಿದ ಈ ವಿದ್ಯೆಯನ್ನು ಯುನೆಸ್ಕೊ 2024ರಲ್ಲಿ ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಹಿನ್ನೀರಿನ ಸಣ್ಣ ಸಮುದಾಯಗಳ ತಿನಿಸು ಇಂದು ಇಡೀ ದೇಶದ ತಿನಿಸಾಗಿದೆ.

ನಾವು ಅದರ ಬದಲಿಗೆ ಸಿಹಿ ತಳಿಯ ಮರಗೆಣಸಿನ ದಪ್ಪ ಸಿಪ್ಪೆ ತೆಗೆದು, ತುಂಡು ಮಾಡಿ, ಧಾರಾಳ ನೀರಿನಲ್ಲಿ ಮುಚ್ಚಳವಿಲ್ಲದೆ ಬೇಯಿಸಿ, ನೀರನ್ನು ಚೆಲ್ಲಿ, ಉಪ್ಪು ನಿಂಬೆರಸ ಹಾಕಿ ಪುಡಿಮಾಡಿ ಬಡಿಸಬಹುದು. ಹಸಿ ಗೆಡ್ಡೆಯನ್ನು ಮಕ್ಕಳು ಬಾಯಿಗಿಡದಂತೆ ನೋಡಿಕೊಳ್ಳಬೇಕು.

ಮೀನು ತಿನ್ನದ ಮನೆಗಳಿಗೂ ಆ ತೀರದಲ್ಲಿ ಪಾಲಿದೆ. ಮಾಗಿದ ನೇಂದ್ರ ಬಾಳೆಹಣ್ಣನ್ನು ಹೋಳು ಮಾಡಿ ಎಣ್ಣೆಯಲ್ಲಿ ಕರಿದರೆ ಐವರಿ ಕೋಸ್ಟಿನ ‘ಅಲೊಕೊ’. ಅದೇ ಹೋಳುಗಳಿಗೆ ಶುಂಠಿ, ಮೆಣಸು, ಉಪ್ಪು ಅರೆದು ಸವರಿ ಕರಿದರೆ ಘಾನಾದ ‘ಕೆಲೆವೆಲೆ’.

ಮೆಣಸಿನಕಾಯಿಯೂ ಮರಗೆಣಸೂ ಎರಡು ತೀರಗಳಿಗೂ ಪರದೇಶಿಯಾಗಿಯೇ ಬಂದವು. ಅರೆದವರು, ತುರಿದವರು, ಹುಳಿಯಿಸಿದವರು, ಕೆಂಡದ ಮುಂದೆ ಕಾದವರು ಅವನ್ನು ಮನೆಯದಾಗಿಸಿದರು. ಮಕ್ಕಳಿಗೆ ರಜೆಯಿರುವ ಒಂದು ಸಂಜೆ ಗೆರಟೆ ಒಟ್ಟುವ ಕೆಲಸವನ್ನು ಅವರಿಗೆ, ಗೀರು ಹಾಕುವ ಕೆಲಸವನ್ನು ದೊಡ್ಡವರಿಗೆ ಹಂಚಿಕೊಟ್ಟು ಈ ಅಡುಗೆಗೆ ತೊಡಗಿರಿ. ಬೂದಿ ಕವಿಯುವವರೆಗೆ ಕಾಯುವ ತಾಳ್ಮೆಯೊಂದನ್ನು ಮಾತ್ರ ಯಾರಿಗೂ ವಹಿಸಿಕೊಡುವಂತಿಲ್ಲ. ಅದು ಎಲ್ಲರಿಗೂ ಬೇಕು.