‘ಲೀನ್’ ಕೋಡ್: ಗ್ಯಾರೇಜಿನ ನಂಬಿಕೆ, ಎಂಜಿನ್ನಿನ ಸತ್ಯ

ಪೆಟ್ರೋಲ್ ಇಲ್ಲವೆ ಸಿಎನ್‌ಜಿಯಿಂದ ಓಡುವ ಸಣ್ಣ ಲಾರಿಯ ಮೀಟರ್ ಬೋರ್ಡಿನಲ್ಲಿ ಎಂಜಿನ್ ಆಕಾರದ ಹಳದಿ ದೀಪ ಹತ್ತಿ, ಸ್ಕ್ಯಾನರ್ ಹಚ್ಚಿದಾಗ ಪಿ0171 ಎಂಬ ಕೋಡ್ ಬಂದರೆ ಅದರ ಅರ್ಥ ಇಷ್ಟೇ: ಒಳಹೋಗುವ ಗಾಳಿಗೆ ತಕ್ಕಷ್ಟು ಇಂಧನ ಸಿಗುತ್ತಿಲ್ಲವೆಂದು ಎಂಜಿನ್ನಿನ ಕಂಪ್ಯೂಟರಿಗೆ, ಅಂದರೆ ಇಸಿಯುಗೆ, ಅನ್ನಿಸಿದೆ. ಇಂಧನ ಸಾಲದ ಇಂಥ ಮಿಶ್ರಣಕ್ಕೇ ‘ಲೀನ್’ ಎನ್ನುವುದು. ಯಾವ ಬಿಡಿಭಾಗ ಕೆಟ್ಟಿದೆ ಎಂಬುದನ್ನು ಕೋಡ್ ಹೇಳುವುದಿಲ್ಲ. ಈ ದೀಪದ ಸುತ್ತ ಹುಟ್ಟಿಕೊಂಡ ತಪ್ಪು ತಿಳಿವಳಿಕೆಗಳಲ್ಲಿ ಹೆಚ್ಚಿನವು ಇದನ್ನು ಮರೆತದ್ದರಿಂದ ಬಂದಂಥವು.

ಕಣಗಿನಹಾಳ ಹಳ್ಳಿಯಿಂದ ಗದಗಿನ ಎಪಿಎಂಸಿಗೆ ಉಳ್ಳಾಗಡ್ಡಿ, ಹೆಸರು, ಶೇಂಗಾ, ಒಣಮೆಣಸಿನಕಾಯಿ ಹೊರುವುದು ಈಗ ಬಹುಪಾಲು ಸಣ್ಣ ಗೂಡ್ಸ್ ಗಾಡಿಗಳೇ. 2005ರಲ್ಲಿ ಟಾಟಾ ಏಸ್ ಮಾರುಕಟ್ಟೆಗೆ ಬಂದಾಗ ಅದರೊಳಗಿದ್ದದ್ದು ಡೀಸೆಲ್ ಎಂಜಿನ್. 2020ರ ಏಪ್ರಿಲ್ 1ರಿಂದ ಬಿಎಸ್6 ಹೊಗೆ ನಿಯಮ ಜಾರಿಯಾದ ಮೇಲೆ ಈ ವರ್ಗದಲ್ಲಿ ಪೆಟ್ರೋಲ್, ಸಿಎನ್‌ಜಿ ಮಾದರಿಗಳು ಹೆಚ್ಚಿದವು. ಡೀಸೆಲ್ ಕೆಲಸದಲ್ಲಿ ಪಳಗಿದ ಕೈಗಳಿಗೆ ಲೀನ್ ಕೋಡ್ ಹೊಸದಾಗಿ ಕಂಡರೆ ಅದರಲ್ಲಿ ಆಶ್ಚರ್ಯವಿಲ್ಲ.

ಒಂದು ಕಿಲೋ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಕಿಲೋ ಗಾಳಿ ಬೇಕು. ಸಿಎನ್‌ಜಿಗೆ ಸುಮಾರು 17 ಕಿಲೋ. ಈ ಲೆಕ್ಕ ತಪ್ಪದಂತೆ ನೋಡಿಕೊಳ್ಳಲು ಸೈಲೆನ್ಸರ್ ಪೈಪಿನ ಆರಂಭದಲ್ಲಿ ಆಕ್ಸಿಜನ್ ಸೆನ್ಸರ್ ಇರುತ್ತದೆ. ಉರಿದ ಹೊಗೆಯಲ್ಲಿ ಆಮ್ಲಜನಕ ಮಿಕ್ಕಿದ್ದರೆ ಸಾಮಾನ್ಯ ಮಾದರಿಯ ಸೆನ್ಸರಿನ ವೋಲ್ಟೇಜ್ 0.1ರತ್ತ ಇಳಿಯುತ್ತದೆ, ಇಂಧನ ಹೆಚ್ಚಾಗಿದ್ದರೆ 0.9ರತ್ತ ಏರುತ್ತದೆ. ಅದನ್ನು ನೋಡಿ ಇಸಿಯು ಇಂಜೆಕ್ಟರ್ ತೆರೆದಿರುವ ಹೊತ್ತನ್ನು ಹೆಚ್ಚುಕಡಿಮೆ ಮಾಡುತ್ತದೆ. ಈ ತಿದ್ದುಪಡಿಗೆ ಫ್ಯೂಯಲ್ ಟ್ರಿಮ್ ಎಂದು ಹೆಸರು. ಹತ್ತು ಶೇಕಡದೊಳಗಿನ ಏರಿಳಿತ ಸಹಜ. ತಿದ್ದುಪಡಿ 20–25 ಶೇಕಡದಷ್ಟು ಏರಿ ಅಲ್ಲೇ ನಿಂತು, ಸಾಮಾನ್ಯವಾಗಿ ಸತತ ಎರಡು ಓಟಗಳಲ್ಲಿ ಹಾಗೆಯೇ ಕಂಡುಬಂದರೆ ದೀಪ ಹತ್ತುತ್ತದೆ. ಅಂದರೆ ದೀಪ ಹತ್ತುವ ಎಷ್ಟೋ ದಿನ ಮೊದಲಿಂದಲೇ ಎಂಜಿನ್ ಕೊರತೆಯನ್ನು ತಾನೇ ತುಂಬಿಕೊಂಡು ಓಡಿರಬಹುದು.

ಎಲ್ಲಕ್ಕಿಂತ ದುಬಾರಿಯ ನಂಬಿಕೆ, ಲೀನ್ ಕೋಡ್ ಬಂತೆಂದರೆ ಆಕ್ಸಿಜನ್ ಸೆನ್ಸರ್ ಹೋಯಿತು ಎನ್ನುವುದು. ದೂರು ತಂದವನನ್ನೇ ಅಪರಾಧಿ ಮಾಡಿದ ಹಾಗೆ ಇದು. ಸೆನ್ಸರ್ ಕೆಡುವುದುಂಟು, ಆದರೆ ಕೆಟ್ಟಿದೆಯೇ ಎಂದು ನೋಡಲು ಹೊಸದನ್ನು ಕೊಳ್ಳಬೇಕಾಗಿಲ್ಲ. ಎಂಜಿನ್ ಬಿಸಿಯಾದ ಮೇಲೆ ಆಕ್ಸಿಲರೇಟರನ್ನು ಒಮ್ಮೆಲೇ ಒತ್ತಿದಾಗ ಸ್ಕ್ಯಾನರಿನಲ್ಲಿ ವೋಲ್ಟೇಜ್ ಥಟ್ಟನೆ 0.8 ದಾಟಿ, ಕಾಲು ತೆಗೆದಾಗ ಅಷ್ಟೇ ಚುರುಕಾಗಿ ಕೆಳಗಿಳಿದರೆ ಸೆನ್ಸರ್ ಜೀವಂತವಾಗಿದೆ ಎಂದೇ ತಿಳಿಯಬೇಕು. ಅದು ಸುಳ್ಳು ಹೇಳುತ್ತಿಲ್ಲ; ತನಗೆ ಕಂಡದ್ದನ್ನು ಹೇಳುತ್ತಿದೆ. ವೋಲ್ಟೇಜ್ ಏರದಿದ್ದರೂ ತಕ್ಷಣ ಸೆನ್ಸರಿಗೆ ಕೈಹಾಕುವಂತಿಲ್ಲ, ಪೆಟ್ರೋಲೇ ಸಾಲದೆ ಹಾಗಾಗಿರಬಹುದು.

ಸೆನ್ಸರಿಗೆ ಕಂಡದ್ದು ಕೆಲವೊಮ್ಮೆ ಎಂಜಿನ್ನಿನ ಒಳಗಿನ ಗಾಳಿಯೇ ಆಗಿರುವುದಿಲ್ಲ. ಎಕ್ಸಾಸ್ಟ್ ಮ್ಯಾನಿಫೋಲ್ಡ್ ಮತ್ತು ಪೈಪ್ ಸೇರುವಲ್ಲಿ ಗ್ಯಾಸ್ಕೆಟ್ ಸೀಳಿದ್ದರೆ, ಹೊಗೆ ಹೊರಗೆ ಚಿಮ್ಮುವುದರ ಜೊತೆಗೆ ಎರಡು ಹೊಡೆತಗಳ ನಡುವಿನ ಬಿಡುವಿನಲ್ಲಿ ಹೊರಗಿನ ಗಾಳಿ ಒಳಕ್ಕೆ ನುಗ್ಗುತ್ತದೆ. ಆ ಗಾಳಿಯ ಆಮ್ಲಜನಕ ಸೆನ್ಸರಿಗೆ ತಗುಲುತ್ತದೆ, ಇಸಿಯು ಅದನ್ನು ನಂಬಿ ಬೇಡದ ಇಂಧನ ಸುರಿಯುತ್ತದೆ. ಬೆಳಿಗ್ಗೆ ತಣ್ಣಗಿರುವ ಎಂಜಿನ್ ಸ್ಟಾರ್ಟ್ ಮಾಡಿ ಆ ಜೋಡಣೆಗೆ ಕಿವಿಗೊಟ್ಟರೆ ‘ಟಕ್ ಟಕ್’ ಸದ್ದು ಕೇಳಿಸುತ್ತದೆ. ಬಿಸಿಯಾದಂತೆ ಲೋಹ ಹಿಗ್ಗಿ ಸದ್ದು ಅಡಗುವುದೂ ಉಂಟು. ಟಾರ್ಚ್ ಹಿಡಿದರೆ ಗ್ಯಾಸ್ಕೆಟಿನ ಅಂಚಿನಿಂದ ಲೋಹದ ಮೇಲೆ ಕಾಡಿಗೆಯಂತೆ ಎಳೆದ ಮಸಿಯ ಗೆರೆ ಕಾಣುತ್ತದೆ. ಆ ಗೆರೆ ಕಂಡ ಮೇಲೆ ಮತ್ತೊಂದು ಪರೀಕ್ಷೆಯ ಅಗತ್ಯ ಇರುವುದು ಕಡಿಮೆ. ಪ್ಲಗ್ ಇಲ್ಲವೆ ಕಾಯಿಲ್ ಕೈಕೊಟ್ಟು ಒಂದು ಸಿಲಿಂಡರ್ ಉರಿಯದಿದ್ದರೂ ಫಲ ಇದೇ: ಉರಿಯದೆ ಹೊರಬಂದ ಆಮ್ಲಜನಕವನ್ನು ಸೆನ್ಸರ್ ‘ಲೀನ್’ ಎಂದೇ ಓದುತ್ತದೆ, ಹೊರಬಂದ ಪೆಟ್ರೋಲನ್ನು ಅದು ಲೆಕ್ಕಕ್ಕೆ ಹಿಡಿಯಲಾರದು. ಮಿಸ್‌ಫೈರ್ ಕೋಡ್ ಜೊತೆಗಿದ್ದರೆ ಮೊದಲು ಅದನ್ನೇ ಬಗೆಹರಿಸಬೇಕು.

ಇನ್ನೊಂದು ನಂಬಿಕೆ ಏರ್ ಫಿಲ್ಟರಿನದು. ಎರೆಭೂಮಿಯ ದಾರಿಗಳಲ್ಲಿ ಸುಗ್ಗಿಯ ಕಾಲದ ಧೂಳು ಫಿಲ್ಟರನ್ನು ಬೇಗ ಕಟ್ಟಿಸುವುದು ನಿಜ. ಆದರೆ ಕಟ್ಟಿದ ಫಿಲ್ಟರಿನಿಂದ ಗಾಳಿ ಕಡಿಮೆಯಾದೀತೇ ಹೊರತು ಹೆಚ್ಚಾಗದು. ಪಿಕಪ್ ಕುಗ್ಗುತ್ತದೆ, ಲೀನ್ ಕೋಡ್ ಬರುವುದಿಲ್ಲ. ತೊಂದರೆ ಕೊಡುವುದು ಹರಿದ, ಅಂಚು ಸರಿಯಾಗಿ ಕೂರದ ಅಥವಾ ಎಣ್ಣೆ ಹಚ್ಚಿದ ಫಿಲ್ಟರ್. ಗಾಳಿ ಅಳೆಯುವ ಎಂಎಎಫ್ ಸೆನ್ಸರ್ ಇರುವ ಎಂಜಿನ್‌ಗಳಲ್ಲಿ ಕೂದಲೆಳೆಯಂಥ ಅದರ ತಂತಿಯ ಮೇಲೆ ಇಂಥ ಫಿಲ್ಟರಿನಿಂದ ಬಂದ ಧೂಳು, ಎಣ್ಣೆ ಕೂತರೆ ಸೆನ್ಸರ್ ಬಂದ ಗಾಳಿಗಿಂತ ಕಡಿಮೆ ಗಾಳಿಯ ಲೆಕ್ಕ ಕೊಡುತ್ತದೆ, ಇಂಧನವೂ ಅಷ್ಟೇ ಕಡಿಮೆ ಬೀಳುತ್ತದೆ. ಅದಕ್ಕೆಂದೇ ಸಿಗುವ ಸ್ಪ್ರೇಯಿಂದ ತೊಳೆದರೆ ಸಾಕಾಗುವುದೇ ಹೆಚ್ಚು. ಬಟ್ಟೆಯಿಂದ ಒರೆಸಿದರೆ ತಂತಿ ಹೋಯಿತೆಂದೇ ತಿಳಿಯಬೇಕು.

ಎಂಜಿನ್ನಿಗೆ ಗಾಳಿ ಒಯ್ಯುವ ಪೈಪ್ ಸೀಳಿ ‘ಏರ್ ಎಳೆಯುತ್ತಿದೆ’ ಎಂಬ ಮಾತು ಎಂಎಎಫ್ ಇರುವ ಗಾಡಿಗೆ ಚೆನ್ನಾಗಿ ಹೊಂದುತ್ತದೆ. ಅಳತೆಗೆ ಸಿಗದೆ ಒಳನುಗ್ಗಿದ ಗಾಳಿ ನೇರವಾಗಿ ಲೀನ್ ಮಾಡುತ್ತದೆ. ಆದರೆ ಅನೇಕ ಸಣ್ಣ ಎಂಜಿನ್‌ಗಳು ಮ್ಯಾನಿಫೋಲ್ಡಿನ ಒತ್ತಡ ನೋಡುವ ಎಂಎಪಿ ಸೆನ್ಸರನ್ನು ನೆಚ್ಚಿಕೊಂಡಿವೆ. ಅಲ್ಲಿ ಕದ್ದು ಬಂದ ಗಾಳಿಯೂ ಒತ್ತಡದ ಲೆಕ್ಕಕ್ಕೆ ಬರುವುದರಿಂದ ಐಡ್ಲಿಂಗ್ ಏರುತ್ತದೆ, ಲೀನ್ ಕೋಡ್ ಬರುವ ಸಂಭವ ಕಡಿಮೆ. ದೊಡ್ಡ ಕಾರಿನ ವಿಡಿಯೋ ನೋಡಿ ಸಣ್ಣ ಲಾರಿಯ ಪೈಪುಗಳನ್ನೆಲ್ಲ ಬದಲಿಸುವ ಮೊದಲು ಒಳಗಿರುವುದು ಯಾವ ಸೆನ್ಸರ್ ಎಂದು ನೋಡಿಕೊಳ್ಳುವುದು ಲೇಸು. ಸೋರಿಕೆ ಹುಡುಕಲು ಬಿಸಿ ಎಂಜಿನ್ನಿನ ಮೇಲೆ ಪೆಟ್ರೋಲ್ ಅಥವಾ ಕಾರ್ಬ್ ಕ್ಲೀನರ್ ಸಿಂಪಡಿಸುವ ರೂಢಿಯಂತೂ ಬೆಂಕಿಗೆ ಕೊಟ್ಟ ಕರೆ. ಪೈಪಿನೊಳಗೆ ಹೊಗೆ ತುಂಬಿ ಅದು ಎಲ್ಲಿಂದ ಹೊರಬರುತ್ತದೆಂದು ನೋಡುವುದೇ ಸುರಕ್ಷಿತ.

ಎಲ್ಲಿ ಹುಡುಕಬೇಕೆಂಬುದನ್ನು ಟ್ರಿಮ್ ಅಂಕಿಯೇ ಬಹುಮಟ್ಟಿಗೆ ತೋರಿಸುತ್ತದೆ. ಐಡ್ಲಿಂಗಿನಲ್ಲಿ ಟ್ರಿಮ್ 25 ಇದ್ದು, 2500 ಆರ್‌ಪಿಎಂಗೆ ಏರಿಸಿದಾಗ 5ಕ್ಕೆ ಇಳಿದರೆ ಅದು ಗಾಳಿ ಸೋರಿಕೆಯ ಗುರುತು: ಎಂಜಿನ್ ಎಳೆಯುವ ಒಟ್ಟು ಗಾಳಿ ಹೆಚ್ಚಿದಂತೆ ಸಣ್ಣ ತೂತಿನ ಪಾಲು ಕಿರಿದಾಗುತ್ತದೆ. ಇದಕ್ಕೆ ತಿರುಗುಮುರುಗಾಗಿ, ನಿಂತಾಗ ಸರಿಯಿದ್ದು ಲೋಡ್ ಹೊತ್ತು ಏರು ಹತ್ತುವಾಗ ಟ್ರಿಮ್ ಏರಿದರೆ ಕೊರತೆ ಇಂಧನದ್ದು, ಇಲ್ಲವೆ ಎಂಎಎಫ್‌ನದ್ದು. ಖಾಲಿ ಗಾಡಿಯನ್ನು ಗ್ಯಾರೇಜಿನ ಮುಂದೆ ನಿಲ್ಲಿಸಿ ರೇಸ್ ಮಾಡಿ ‘ಎಲ್ಲ ಸರಿ ಇದೆ’ ಎನ್ನುವುದು ಇಲ್ಲಿ ಉಪಯೋಗಕ್ಕೆ ಬಾರದು. ಉಳ್ಳಾಗಡ್ಡಿ ಚೀಲ ತುಂಬಿದಾಗಲೇ ಪಂಪಿನ ನಿಜಬಣ್ಣ ಬಯಲಾಗುವುದು. ಇಂಥ ಎಂಜಿನ್‌ಗಳಲ್ಲಿ ಪೆಟ್ರೋಲಿನ ಒತ್ತಡ ಸಾಮಾನ್ಯವಾಗಿ 3ರಿಂದ 4 ಬಾರ್ ಇರುತ್ತದೆ. ಗೇಜ್ ಕಟ್ಟಿ ಲೋಡಿನಲ್ಲಿ ಓಡಿಸಿ ನೋಡಬೇಕು. ಟ್ಯಾಂಕಿನೊಳಗಿನ ಪಂಪ್ ತಂಪಾಗುವುದೇ ಪೆಟ್ರೋಲಿನಿಂದ. ಮುಳ್ಳು ಕೆಂಪು ಗೆರೆ ಬಿಟ್ಟು ಮೇಲೇಳದಂತೆ ಇನ್ನೂರು ಮುನ್ನೂರು ರೂಪಾಯಿಯ ಪೆಟ್ರೋಲಿನಲ್ಲಿ ದಿನ ದೂಡುವ ಗಾಡಿಯ ಪಂಪ್ ಬೇಗ ಸೋಲಲು ಅದೂ ಒಂದು ಕಾರಣ. ಎರಡೂ ಇಂಧನದ ಗಾಡಿಯಾದರೆ ಇನ್ನೊಂದು ಸುಲಭ ಪರೀಕ್ಷೆಯುಂಟು: ಸ್ವಿಚ್ ಪೆಟ್ರೋಲಿಗೆ ತಿರುಗಿಸಿ ಓಡಿಸಿದಾಗ ಟ್ರಿಮ್ ಸರಿಹೋದರೆ ದೋಷ ಗ್ಯಾಸಿನ ಫಿಲ್ಟರ್, ರೆಗ್ಯುಲೇಟರ್ ಅಥವಾ ಗ್ಯಾಸ್ ಇಂಜೆಕ್ಟರಿನಲ್ಲಿದೆ.

ಈಚೆಗೆ ದೂರೆಲ್ಲ ಎಥೆನಾಲ್ ಮೇಲೆ ಬೀಳುತ್ತಿದೆ. ಎಥೆನಾಲಿನಲ್ಲೇ ಆಮ್ಲಜನಕ ಇರುವುದರಿಂದ, ಅದು ಬೆರೆತ ಇ20 ಪೆಟ್ರೋಲಿಗೆ 14.7ರ ಬದಲು ಸುಮಾರು 13.5 ಪಾಲು ಗಾಳಿ ಸಾಕು. ಅಂದರೆ ಅದೇ ಗಾಳಿಗೆ ಎಂಟೊಂಬತ್ತು ಶೇಕಡದಷ್ಟು ಹೆಚ್ಚು ಇಂಧನ ಬೇಕು. ಆರೋಗ್ಯವಂತ ಎಂಜಿನ್ನಿನ ಇಸಿಯು ಇದನ್ನು ತಿದ್ದಿಕೊಳ್ಳುತ್ತದೆ. ಮೊದಲೇ 15 ಶೇಕಡ ತಿದ್ದುಪಡಿಯಲ್ಲಿ ಓಡುತ್ತಿದ್ದ ಗಾಡಿ ಮಾತ್ರ ಅದೂ ಸೇರಿದೊಡನೆ ಗೆರೆ ದಾಟುತ್ತದೆ. ಎಥೆನಾಲ್ ಅಲ್ಲಿ ಹಳೆಯ ದೋಷವನ್ನು ಬಯಲಿಗೆ ಎಳೆದಿದೆ ಅಷ್ಟೆ. ಹಳೆಯ ಗಾಡಿಗಳ ರಬ್ಬರ್ ಭಾಗಗಳಿಗೆ ಅದರಿಂದ ತೊಂದರೆ ಆಗಬಹುದೆಂಬುದು ಬೇರೆ ಮಾತು, ಅದು ನಿರಾಧಾರವೂ ಅಲ್ಲ.

ಲೀನ್ ಎಂದರೆ ಮೈಲೇಜ್ ಎಂಬುದು ಕಾರ್ಬುರೇಟರ್ ಕಾಲದ ಉಳಿಕೆ. ಸ್ಕ್ರೂ ತಿರುಗಿಸಿ ಪೆಟ್ರೋಲ್ ಉಳಿಸುವ ಕಾಲ ಮುಗಿದಿದೆ. ಇಂದಿನ ಎಂಜಿನ್ನಿನಲ್ಲಿ ಎಕ್ಸಾಸ್ಟ್ ಸೋರಿಕೆಯಂಥ ಸುಳ್ಳು ಲೀನ್ ಇದ್ದರೆ ಇಂಧನ ಹೆಚ್ಚೇ ಖರ್ಚಾಗುತ್ತದೆ. ನಿಜವಾದ ಲೀನ್ ಇದ್ದರೆ ಎಳೆತ ಕುಗ್ಗಿ ಚಾಲಕ ಹೆಚ್ಚು ತುಳಿಯುತ್ತಾನೆ, ಲೋಡಿನಲ್ಲಿ ನಾಕಿಂಗ್ ಬರುತ್ತದೆ, ಕ್ಯಾಟಲಿಟಿಕ್ ಕನ್ವರ್ಟರಿಗೆ ನೈಟ್ರೋಜನ್ ಆಕ್ಸೈಡ್‌ಗಳನ್ನು ಅಳಿಸಲಾಗುವುದಿಲ್ಲ.

ಡೀಸೆಲ್ ಲಾರಿಗೆ ಈ ಲೆಕ್ಕ ಅನ್ವಯಿಸದು. ಡೀಸೆಲ್ ಎಂಜಿನ್ ಯಾವಾಗಲೂ ಬೇಕಾದುದಕ್ಕಿಂತ ಹೆಚ್ಚು ಗಾಳಿಯಲ್ಲೇ ಉರಿಯುತ್ತದೆ. ಅಲ್ಲಿ ಅದೇ ಹಳದಿ ದೀಪ ಸಾಮಾನ್ಯವಾಗಿ ಹೊಗೆಯನ್ನು ಮರಳಿ ಎಂಜಿನ್ನಿಗೆ ಕಳಿಸುವ ಇಜಿಆರ್, ಟರ್ಬೊ, ರೇಲ್ ಒತ್ತಡ ಅಥವಾ ಚಾಲಕರು ಯೂರಿಯಾ ಎಂದು ಕರೆಯುವ ಡಿಇಎಫ್‌ನ ಕಡೆ ಬೆರಳು ಮಾಡುತ್ತದೆ.

ಬ್ಯಾಟರಿ ಟರ್ಮಿನಲ್ ಬಿಚ್ಚಿ ಹಾಕಿದರೆ ದೀಪ ಆರುತ್ತದೆ ಎನ್ನುವುದು ಸುಳ್ಳಲ್ಲ. ಆದರೆ ದೀಪದೊಂದಿಗೆ ಕೋಡ್, ಇಸಿಯು ಕಲಿತ ಟ್ರಿಮ್, ಕೋಡ್ ಬಿದ್ದ ಗಳಿಗೆಯ ಆರ್‌ಪಿಎಂ, ಲೋಡ್, ಎಂಜಿನ್ ಬಿಸಿ ಎಲ್ಲವೂ ಅಳಿಸಿಹೋಗುತ್ತವೆ. ದೋಷ ಮಾತ್ರ ಉಳಿದು ಕೆಲವೇ ಓಟಗಳಲ್ಲಿ ದೀಪವನ್ನು ಮತ್ತೆ ಹಚ್ಚುತ್ತದೆ. ದೋಷ ನಿಜಕ್ಕೂ ಹೋಗಿದ್ದರೆ ಸತತ ಮೂರು ಸರಿಯಾದ ಓಟಗಳ ನಂತರ ದೀಪ ತಾನೇ ಆರುತ್ತದೆ. ಸ್ಥಿರವಾಗಿ ಹತ್ತಿದ ದೀಪದೊಂದಿಗೆ ಮೆಲ್ಲಗೆ ಗ್ಯಾರೇಜು ಮುಟ್ಟಬಹುದು. ಮಿನುಗುವ ದೀಪ ಕಂಡರೆ ಲೋಡ್ ಎಷ್ಟೇ ಅವಸರದ್ದಾಗಿರಲಿ ಗಾಡಿಯನ್ನು ಬದಿಗೆ ಹಾಕಬೇಕು; ಉರಿಯದ ಪೆಟ್ರೋಲ್ ಕನ್ವರ್ಟರಿಗೆ ಹೋಗಿ ಅದನ್ನು ಸುಡುತ್ತಿದೆ ಎಂಬುದರ ಸೂಚನೆ ಅದು.