ಲಿವರ್ ಆಪರೇಶನ್‌ಗೆ ಮುಂಚೆ ಇನ್ನೊಂದು ಸ್ಕ್ಯಾನ್ ಯಾಕೆ?

"ಸಿಟಿ ಆಗೇತಲ್ರೀ ಡಾಕ್ಟ್ರ, ಮತ್ತ ಎಂಆರ್‌ಐ ಯಾಕ?" ಮುಂಬಯಿಯಲ್ಲಿ ರೇಡಿಯಾಲಜಿಸ್ಟ್ ಆಗಿರುವ ನನ್ನನ್ನು ಊರ ಕಡೆಯಿಂದ ಬಂದವರು ಮೊದಲು ಕೇಳುವುದೇ ಇದನ್ನು. ರಾತ್ರಿ ಬಸ್ಸಿಗೆ ಬಂದು, ಡೊಂಬಿವಲಿಯಲ್ಲೋ ಥಾಣೆಯಲ್ಲೋ ನೆಂಟರ ಮನೆಯಲ್ಲಿ ಇಳಿದುಕೊಂಡವರಿಗೆ ಮತ್ತೊಂದು ಖರ್ಚು ಅಂದರೆ ಅನುಮಾನ ಬರುವುದು ಸಹಜವೇ.

ಲಿವರಿಗೆ ರಕ್ತ ಎರಡು ದಾರಿಯಲ್ಲಿ ಬರುತ್ತದೆ. ಸುಮಾರು ಮುಕ್ಕಾಲು ಪಾಲು ಕರುಳಿನ ಕಡೆಯ ಪೋರ್ಟಲ್ ರಕ್ತನಾಳದಿಂದ, ಉಳಿದದ್ದು ಅಪಧಮನಿಯಿಂದ. ಲಿವರಿನಲ್ಲೇ ಹುಟ್ಟುವ ಕ್ಯಾನ್ಸರ್ ಹೆಚ್ಚಾಗಿ ಅಪಧಮನಿಯ ರಕ್ತದಿಂದಲೇ ಬೆಳೆಯುತ್ತದೆ. ಹಾಗಾಗಿ ಕೈಯ ನರಕ್ಕೆ ಕಾಂಟ್ರಾಸ್ಟ್ ಕೊಟ್ಟ ಅರ್ಧ ನಿಮಿಷದೊಳಗೆ ಗಡ್ಡೆ ಬೆಳ್ಳಗೆ ಹೊಳೆದು, ಒಂದು ನಿಮಿಷದ ಹೊತ್ತಿಗೆ ಸುತ್ತಲಿನ ಲಿವರಿಗಿಂತ ಕಪ್ಪಾಗುತ್ತದೆ. ಸಿರೋಸಿಸ್ ಇರುವವರಲ್ಲಿ ಈ ಗುಣ ಸ್ಪಷ್ಟವಾಗಿ ಕಂಡರೆ ಎಷ್ಟೋ ಸಲ ಬಯಾಪ್ಸಿಯೇ ಬೇಕಾಗುವುದಿಲ್ಲ.

ಇಷ್ಟನ್ನು ಸಿಟಿಯೂ ತೋರಿಸುತ್ತದೆ. ಎಂಆರ್‌ಐಯಲ್ಲಿ ಗಡೊಕ್ಸೆಟಿಕ್ ಆಮ್ಲ ಎಂಬ ಕಾಂಟ್ರಾಸ್ಟ್ ಬಳಸಿದರೆ ಇನ್ನೊಂದು ಅನುಕೂಲವಿದೆ. ಅದರ ಸುಮಾರು ಅರ್ಧವನ್ನು ಲಿವರಿನ ಕೋಶಗಳೇ ಹೀರಿಕೊಂಡು ಪಿತ್ತರಸದ ಜೊತೆ ಹೊರಹಾಕುತ್ತವೆ. 20 ನಿಮಿಷ ಬಿಟ್ಟು ತೆಗೆದ ಚಿತ್ರದಲ್ಲಿ ಲಿವರ್ ಬೆಳ್ಳಗೆ, ಗಡ್ಡೆ ಸಾಮಾನ್ಯವಾಗಿ ಕಪ್ಪಗೆ: ಜೋಳದ ಹಿಟ್ಟಿನಲ್ಲಿ ಸಾಸಿವೆ ಬಿದ್ದ ಹಾಗೆ. ಸಿಟಿಗೆ ಸಿಗದ, ಸೆಂಟಿಮೀಟರಿಗಿಂತ ಚಿಕ್ಕ ಗಡ್ಡೆಗಳು ಎಷ್ಟೋ ಸಲ ಕಾಣುವುದು ಇಲ್ಲೇ. ಕಂಡ ಕಪ್ಪು ಚುಕ್ಕೆಯೆಲ್ಲ ಕ್ಯಾನ್ಸರ್ ಅಲ್ಲ ಅನ್ನಿ. ಕಾಮಾಲೆ ಜಾಸ್ತಿ ಇದ್ದರೆ ಈ ಚಿತ್ರ ಅಷ್ಟು ಚೆನ್ನಾಗಿ ಬರುವುದೂ ಇಲ್ಲ.

ಚಿಕ್ಕ ಚುಕ್ಕೆಗೆ ಇಷ್ಟೇಕೆ ತಲೆಕೆಡಿಸಿಕೊಳ್ಳಬೇಕು? ಸರ್ಜನ್ ಬಲಭಾಗ ತೆಗೆಯಲು ಸಿದ್ಧರಾಗಿರುತ್ತಾರೆ. ಉಳಿಸಬೇಕೆಂದಿದ್ದ ಎಡಭಾಗದಲ್ಲೇ ಇನ್ನೊಂದು ಗಡ್ಡೆ ಕಂಡರೆ ಲೆಕ್ಕವೆಲ್ಲ ಹೊಸದಾಗಿ ಹಾಕಬೇಕು. ಆರೋಗ್ಯವಾಗಿರುವ ಲಿವರ್ ಕಾಲು ಭಾಗ ಉಳಿದರೂ ನಡೆದೀತು. ಸಿರೋಸಿಸ್ ಇದ್ದರೆ ಸುಮಾರು ಶೇ. 40 ಉಳಿಯಲೇಬೇಕು.

ಆದರೆ ಆ ಮೊದಲ ಅರ್ಧ ನಿಮಿಷ ಒಂದೇ ಸಲ ಸಿಗುವುದು. ರೋಗಿ 15-20 ಸೆಕೆಂಡು ಉಸಿರು ಹಿಡಿಯದಿದ್ದರೆ ಚಿತ್ರ ಕಲಸಿಹೋಗುತ್ತದೆ. ಈ ಕಾಂಟ್ರಾಸ್ಟಿನಿಂದ ಕೆಲವರಿಗೆ ಅದೇ ಹೊತ್ತಿಗೆ ಕ್ಷಣಕಾಲ ಉಸಿರು ಕಟ್ಟಿದಂತಾಗುವುದೂ ಉಂಟು. ವಿಜಯಪುರದ ಕಡೆಯ ಅಜ್ಜರೊಬ್ಬರಿಗೆ ಮೆಶೀನು "ಸಾಂಸ್ ರೋಕಿಯೇ" ಅಂದಾಗಲೆಲ್ಲ ಅವರು ಒಳಗಿನಿಂದ "ಏನ್ರೀ?" ಅನ್ನುತ್ತಿದ್ದರು. ಪುಣ್ಯಕ್ಕೆ ಇಂಜೆಕ್ಷನ್ ಇನ್ನೂ ಕೊಟ್ಟಿರಲಿಲ್ಲ. ನಾನೇ ಮೈಕ್ ಹಿಡಿದು "ಅಜ್ಜಾರ, ಉಸುರು ಹಿಡೀರಿ... ಹಂಗ ಇರ್ರಿ... ಈಗ ಬಿಡ್ರಿ" ಎಂದು ನಾಲ್ಕು ಸಲ ಅಭ್ಯಾಸ ಮಾಡಿಸಿದೆ. ಆಮೇಲೆ ಬಂದ ಚಿತ್ರದಲ್ಲಿ ಎಡಭಾಗದಲ್ಲಿ ತೊಗರಿಬೇಳೆಯಷ್ಟು ಇನ್ನೊಂದು ಗಡ್ಡೆ ಇತ್ತು. ಗೊತ್ತಾಗಿದ್ದ ಆಪರೇಶನ್ ದಿನ ರದ್ದಾಯಿತು, ಚಿಕಿತ್ಸೆ ಬೇರೆ ದಾರಿ ಹಿಡಿಯಿತು. ಮಗನ ಮುಖ ಬಾಡಿತು, ನಿಜ. ಆದರೆ ಅಷ್ಟು ದೊಡ್ಡ ಆಪರೇಶನ್ ತಡೆದುಕೊಂಡ ಮೇಲೂ ಅಜ್ಜರ ಹೊಟ್ಟೆಯಲ್ಲಿ ಒಂದು ಗಡ್ಡೆ ಉಳಿದಿರುತ್ತಿತ್ತು.

ನಿಮ್ಮ ಮನೆಗೆ ಹೀಗೆ ಯಾರಾದರೂ ಬಂದಿದ್ದರೆ ಹಿಂದಿನ ದಿನವೇ ಕನ್ನಡದಲ್ಲಿ ಉಸಿರು ಹಿಡಿಯುವುದನ್ನು ಅಭ್ಯಾಸ ಮಾಡಿಸಿ. ಪೇಸ್‌ಮೇಕರ್ ಇದೆಯೇ, ಕಿಡ್ನಿ ತೊಂದರೆ ಇದೆಯೇ ಎಂಬುದನ್ನು ಮೊದಲೇ ತಿಳಿಸಿ. ಹಳೆಯ ಸಿಟಿಯ ಸಿಡಿಯನ್ನು ಊರಲ್ಲೇ ಬಿಟ್ಟು ಬರಬಾರದೆಂದು ಫೋನಿನಲ್ಲೇ ಹೇಳಿ. ಬರೀ ರಿಪೋರ್ಟಿನ ಕಾಗದ ಸಾಲದು, ಹೋಲಿಸಿ ನೋಡಲು ನಮಗೆ ಚಿತ್ರಗಳೇ ಬೇಕು.