ಸಂದೇಶದ ದಾರಿಯ ಸುಂಕದಕಟ್ಟೆ

ರಾಷ್ಟ್ರೀಯ ಹೆದ್ದಾರಿ 66ರಲ್ಲಿ, ಸುರತ್ಕಲ್‌ನ ರಾಷ್ಟ್ರೀಯ ತಂತ್ರಜ್ಞಾನ ಸಂಸ್ಥೆಯ ಬಳಿ, 2022ರ ನವೆಂಬರ್ ಕೊನೆಯವರೆಗೆ ಒಂದು ಟೋಲ್‌ಗೇಟ್ ಸುಂಕ ವಸೂಲು ಮಾಡುತ್ತಿತ್ತು. ಸ್ಥಳೀಯರ ದೀರ್ಘ ಹೋರಾಟದ ಬಳಿಕ ಡಿಸೆಂಬರ್ 1ರಿಂದ ಅಲ್ಲಿನ ವಸೂಲಿ ನಿಂತಿತಾದರೂ, ಅದರ ಕೊನೆಯ ವರ್ಷಗಳಲ್ಲಿ ಆ ಗೇಟಿನಲ್ಲಿ ನಡೆಯುತ್ತಿದ್ದ ಕೆಲಸ ಇಂದಿನ ಜಾಲಸೇವೆಗಳ, ಅಂದರೆ ಒಂದು ಗಣಕ ಇನ್ನೊಂದು ಗಣಕಕ್ಕೆ ಜಾಲದ ಮೂಲಕ ಒದಗಿಸುವ ಸೇವೆಗಳ, ಒಳರಚನೆಯನ್ನು ತಿಳಿಯಲು ಒಳ್ಳೆಯ ಪ್ರವೇಶದ್ವಾರವಾಗಿದೆ. ವಾಹನದ ಮುಂಗಾಜಿಗೆ ಒಳಗಿನಿಂದ ಅಂಟಿಸುವ ಫಾಸ್ಟ್ಯಾಗ್‌ನಲ್ಲಿ ಬ್ಯಾಟರಿ ಇರುವುದಿಲ್ಲ. ಗೇಟಿನ ರೀಡರ್ 865ರಿಂದ 867 ಮೆಗಾಹರ್ಟ್ಸ್ ಆವರ್ತನದ ರೇಡಿಯೋ ಅಲೆಗಳನ್ನು ಹೊಮ್ಮಿಸಿದಾಗ, ಆ ಅಲೆಗಳಿಂದಲೇ ಶಕ್ತಿ ಪಡೆದ ಪುಟ್ಟ ಚಿಪ್ ತನ್ನ ಗುರುತಿನ ಸಂಖ್ಯೆಯನ್ನು ಮರಳಿ ಕಳುಹಿಸುತ್ತದೆ. ಆ ಸಂಖ್ಯೆಯನ್ನು ಆಧರಿಸಿದ ಸುಂಕದ ಕೋರಿಕೆಯು ಟೋಲ್‌ಗೇಟಿನ ಲೆಕ್ಕ ನೋಡಿಕೊಳ್ಳುವ ಬ್ಯಾಂಕಿಗೂ, ಅಲ್ಲಿಂದ ಭಾರತೀಯ ರಾಷ್ಟ್ರೀಯ ಪಾವತಿ ನಿಗಮದ ಕೇಂದ್ರ ವ್ಯವಸ್ಥೆಗೂ, ಕೊನೆಗೆ ಆ ಫಾಸ್ಟ್ಯಾಗ್ ನೀಡಿದ ಬ್ಯಾಂಕಿಗೂ ಸಂದೇಶಗಳ ರೂಪದಲ್ಲಿ ಸಾಗುತ್ತದೆ.

ಈ ಸಂದೇಶಗಳು ಎಕ್ಸ್‌ಎಂಎಲ್ ಎಂಬ ರೂಪದಲ್ಲಿರುತ್ತವೆ. ಪ್ರತಿಯೊಂದು ಮಾಹಿತಿಯನ್ನೂ ಅದರ ಹೆಸರು ಹೊತ್ತ ಎರಡು ಗುರುತುಗಳ ನಡುವೆ ಇಡುವ ಈ ಬರಹಕ್ರಮವನ್ನು ಮನುಷ್ಯರೂ ಯಂತ್ರಗಳೂ ಓದಬಹುದು. ಸಂದೇಶದೊಂದಿಗೆ ಡಿಜಿಟಲ್ ಸಹಿಯೂ ಇರುತ್ತದೆ. ಹಣ ಕಡಿತದ ಕೋರಿಕೆ, ಫಾಸ್ಟ್ಯಾಗ್‌ನ ವಿವರ ಕೇಳುವ ಕೋರಿಕೆ, ತಡೆಹಿಡಿದ ಫಾಸ್ಟ್ಯಾಗ್‌ಗಳ ಪಟ್ಟಿಯನ್ನು ತರಿಸಿಕೊಳ್ಳುವ ಕೋರಿಕೆ, ಎರಡೂ ಕಡೆಯ ಗಡಿಯಾರಗಳನ್ನು ಹೊಂದಿಸುವ ಕೋರಿಕೆ ಹೀಗೆ ಬೇರೆ ಬೇರೆ ಕೆಲಸಕ್ಕೆ ಬೇರೆ ಬೇರೆ ಸಂದೇಶಗಳಿವೆ. ಇಂಥ ಸಂದೇಶಗಳನ್ನು ಸ್ವೀಕರಿಸಿ ಉತ್ತರಿಸುವ ಜಾಲದ ವಿಳಾಸವನ್ನು ಎಂಡ್‌ಪಾಯಿಂಟ್ ಎನ್ನುತ್ತಾರೆ. ಬ್ಯಾಂಕಿನಂಥ ಸಂಸ್ಥೆಯ ತಂತ್ರಾಂಶದಲ್ಲಿ ಎಂಡ್‌ಪಾಯಿಂಟುಗಳು ಹತ್ತಾರು ಇರಬಹುದು, ನೂರಾರೂ ಇರಬಹುದು. ಒಂದೊಂದರ ಕೆಲಸ ಬೇರೆಯಾದರೂ, ಬಂದ ಸಂದೇಶದ ಸಹಿ ಪರಿಶೀಲಿಸುವುದು, ಅದರ ರೂಪ ಸರಿಯಿದೆಯೇ ಎಂದು ನೋಡುವುದು, ಬಂದುಹೋದದ್ದರ ದಾಖಲೆ ಇಡುವುದು, ದೊಡ್ಡ ಉತ್ತರಗಳನ್ನು ಸಂಕೋಚಿಸಿ ಕಳುಹಿಸುವುದು ಮುಂತಾದ ಕೆಲವು ಕರ್ತವ್ಯಗಳು ಬಹುತೇಕ ಎಲ್ಲಕ್ಕೂ ಸಮಾನವಾಗಿರುತ್ತವೆ.

ಈ ಸಮಾನ ಕರ್ತವ್ಯಗಳನ್ನು ಪ್ರತಿಯೊಂದು ಎಂಡ್‌ಪಾಯಿಂಟಿನ ಕ್ರಮವಿಧಿಯಲ್ಲೂ ಮತ್ತೆ ಮತ್ತೆ ಬರೆಯುವ ಪದ್ಧತಿ ಮೊದಮೊದಲು ಸುಲಭವೆನಿಸಿದರೂ, ನಿಯಮವೊಂದು ಬದಲಾದ ದಿನ ಅದರ ಬೆಲೆ ಗೊತ್ತಾಗುತ್ತದೆ. ನಲವತ್ತು ಕಡೆ ತಿದ್ದಬೇಕಾದಲ್ಲಿ ಮೂವತ್ತೊಂಬತ್ತು ಕಡೆ ತಿದ್ದಿ ಒಂದನ್ನು ಮರೆತರೆ, ಮರೆತ ಆ ಒಂದೇ ಬಾಗಿಲಿನಿಂದ ಸಹಿಯಿಲ್ಲದ ಸಂದೇಶ ಒಳಬರಬಹುದು. ಆದ್ದರಿಂದ ಜಾಲಸೇವೆಗಳ ಚೌಕಟ್ಟುಗಳು, ಅಂದರೆ ಫ್ರೇಮ್‌ವರ್ಕುಗಳು, ಸಮಾನ ಕರ್ತವ್ಯವನ್ನು ಒಂದೆಡೆ ಬರೆದು ಅನೇಕ ಎಂಡ್‌ಪಾಯಿಂಟುಗಳಿಗೆ ಅನ್ವಯಿಸುವ ಮಾರ್ಗವನ್ನು ಒದಗಿಸುತ್ತವೆ. ಜಾವಾ ಭಾಷೆಯ ಅಪಾಚೆ ಸಿಎಕ್ಸ್‌ಎಫ್ ಚೌಕಟ್ಟಿನಲ್ಲಿ ಈ ಮಾರ್ಗಕ್ಕೆ ಫೀಚರ್ ಎಂದು ಹೆಸರು, ಮತ್ತು ಅದರ ರಚನೆ ಬಹಳ ಚಿಂತನೆಯಿಂದ ರೂಪುಗೊಂಡದ್ದು.

ಐರ್ಲೆಂಡಿನ ಡಬ್ಲಿನ್ ಮೂಲದ ಅಯೋನಾ ಟೆಕ್ನಾಲಜೀಸ್ ಬೆಳೆಸಿದ ಸೆಲ್ಟಿಕ್ಸ್ ಮತ್ತು ಕೋಡ್‌ಹಾಸ್ ಸಮುದಾಯದಲ್ಲಿ ಬೆಳೆದ ಎಕ್ಸ್‌ಫೈರ್ ಎಂಬ ಎರಡು ಮುಕ್ತ ತಂತ್ರಾಂಶಗಳು ಒಂದಾಗಿ ಸಿಎಕ್ಸ್‌ಎಫ್ ಎನಿಸಿ, 2006ರಲ್ಲಿ ಅಪಾಚೆ ಪ್ರತಿಷ್ಠಾನದ ಆಶ್ರಯಕ್ಕೆ ಬಂದವು. 2008ರಲ್ಲಿ ಸಿಎಕ್ಸ್‌ಎಫ್ ಆ ಪ್ರತಿಷ್ಠಾನದ ಪೂರ್ಣಪ್ರಮಾಣದ ಯೋಜನೆಯಾಯಿತು. ಸೋಪ್ ಎಂಬ ಕಟ್ಟುನಿಟ್ಟಾದ ಹೊದಿಕೆಯೊಳಗೆ ಸಾಗುವ ಎಕ್ಸ್‌ಎಂಎಲ್ ಸಂದೇಶಗಳನ್ನೂ, ಅಂಥ ಹೊದಿಕೆಯಿಲ್ಲದೆ ಜಾಲದ ಸಾಮಾನ್ಯ ಸಂವಹನ ನಿಯಮಾವಳಿಯಾದ ಎಚ್‌ಟಿಟಿಪಿಯ ಮೇಲೆ ನೇರವಾಗಿ ಸಾಗುವ ಸರಳ ಸಂದೇಶಗಳನ್ನೂ ಅದು ನಿರ್ವಹಿಸಬಲ್ಲದು. ಫಾಸ್ಟ್ಯಾಗ್ ಸಂದೇಶಗಳು ಈ ಎರಡನೆಯ ಬಗೆಗೆ ಸೇರುತ್ತವೆ.

ಫೀಚರನ್ನು ಅರಿಯುವ ಮುನ್ನ ಇಂಟರ್‌ಸೆಪ್ಟರ್ ಎಂಬ ಘಟಕವನ್ನು ಅರಿಯಬೇಕು. ಹೆದ್ದಾರಿಯ ಮೇಲಿನ ಟೋಲ್‌ಗೇಟ್ ಹೇಗೆ ಪ್ರತಿಯೊಂದು ವಾಹನವನ್ನೂ ತಡೆದು, ತನ್ನ ಕೆಲಸ ಮುಗಿಸಿ, ಮುಂದಕ್ಕೆ ಬಿಡುತ್ತದೆಯೋ ಹಾಗೆಯೇ ಇಂಟರ್‌ಸೆಪ್ಟರ್ ಸಂದೇಶವನ್ನು ದಾರಿಯಲ್ಲಿ ತಡೆದು, ಓದಿಯೋ ತಿದ್ದಿಯೋ ಮುಂದಿನದಕ್ಕೆ ಒಪ್ಪಿಸುತ್ತದೆ, ಇಲ್ಲವೇ ತಿರಸ್ಕರಿಸುತ್ತದೆ. ಸಿಎಕ್ಸ್‌ಎಫ್‌ನಲ್ಲಿ ಇವುಗಳನ್ನು ಸರಪಳಿಗಳಾಗಿ ಜೋಡಿಸಲಾಗುತ್ತದೆ: ಒಳಬರುವ ಸಂದೇಶಕ್ಕೊಂದು, ಹೊರಹೋಗುವುದಕ್ಕೊಂದು, ಒಳಬರುವ ದೋಷಸಂದೇಶಕ್ಕೊಂದು, ಹೊರಹೋಗುವ ದೋಷಸಂದೇಶಕ್ಕೊಂದು. ಪ್ರತಿಯೊಂದು ಸರಪಳಿಯೂ ಹಲವು ಹಂತಗಳಾಗಿ ವಿಭಾಗಗೊಂಡಿದೆ. ಒಳಬರುವ ದಾರಿಯಲ್ಲಿ ಮೊದಲು ಕಚ್ಚಾ ಬೈಟುಗಳನ್ನು ಸ್ವೀಕರಿಸುವ ಹಂತ, ಅನಂತರ ಎಕ್ಸ್‌ಎಂಎಲ್ ಆಗಿ ಓದುವ ಹಂತ, ಸೋಪ್‌ನಂಥ ಹೊದಿಕೆಯ ತಲೆಬರಹಗಳನ್ನು ನೋಡುವ ಹಂತ, ಓದಿದ್ದನ್ನು ಜಾವಾದ ವಸ್ತುಗಳಾಗಿ ಪರಿವರ್ತಿಸುವ ಹಂತ, ಕೊನೆಗೆ ಸೇವೆಯ ನಿಜವಾದ ಕ್ರಮವಿಧಿಯನ್ನು ಕರೆಯುವ ಹಂತ ಬರುತ್ತವೆ. ಇಂಟರ್‌ಸೆಪ್ಟರ್ ತಾನು ಯಾವ ಹಂತಕ್ಕೆ ಸೇರಿದ್ದೆಂದು ಘೋಷಿಸುತ್ತದೆ. ಒಂದೇ ಹಂತದೊಳಗೆ ಇಂಥದಕ್ಕಿಂತ ಮೊದಲು ಅಥವಾ ಇಂಥದಾದ ಮೇಲೆ ಎಂದು ತನ್ನ ಸ್ಥಾನವನ್ನು ಸೂಚಿಸಲೂಬಹುದು. ಈ ಕ್ರಮ ಅಲಂಕಾರಕ್ಕಲ್ಲ. ದಾಖಲೆ ಬರೆಯುವ ಇಂಟರ್‌ಸೆಪ್ಟರ್, ಸಂಕೋಚನವನ್ನು ಬಿಡಿಸುವುದಕ್ಕಿಂತ ಮೊದಲು ನಿಂತರೆ ದಾಖಲೆಯಲ್ಲಿ ಓದಲಾಗದ ಬೈಟುಗಳೂ, ಅನಂತರ ನಿಂತರೆ ಓದಬಹುದಾದ ಪಠ್ಯವೂ ಸಿಗುತ್ತವೆ. ನಡುವೆ ಎಲ್ಲಾದರೂ ದೋಷ ತಲೆದೋರಿದರೆ, ಅಲ್ಲಿಯವರೆಗೆ ಕೆಲಸ ಮಾಡಿದ ಇಂಟರ್‌ಸೆಪ್ಟರುಗಳನ್ನು ಹಿಮ್ಮುಖ ಕ್ರಮದಲ್ಲಿ ಮತ್ತೆ ಕರೆದು, ತೆರೆದದ್ದನ್ನು ಮುಚ್ಚಲು ಅವಕಾಶ ಕೊಡಲಾಗುತ್ತದೆ.

ಒಂದು ಪೂರ್ಣ ಕರ್ತವ್ಯಕ್ಕೆ ಒಂದೇ ಇಂಟರ್‌ಸೆಪ್ಟರ್ ಸಾಲುವುದು ಅಪರೂಪ. ದಾಖಲೆ ಇಡುವ ಕೆಲಸವನ್ನೇ ತೆಗೆದುಕೊಂಡರೆ, ಒಳಬರುವ ಮತ್ತು ಹೊರಹೋಗುವ ಸರಪಳಿಗಳಲ್ಲಲ್ಲದೆ ಎರಡು ದೋಷ ಸರಪಳಿಗಳಲ್ಲೂ ತಕ್ಕ ಇಂಟರ್‌ಸೆಪ್ಟರುಗಳನ್ನು ಕೂರಿಸಬೇಕು, ಅವುಗಳ ಮಿತಿಗಳನ್ನು ಹೊಂದಿಸಬೇಕು. ಹೀಗೆ ಒಟ್ಟಿಗೆ ಕೂರಬೇಕಾದ ಬಿಡಿಭಾಗಗಳನ್ನೂ ಅವುಗಳ ಹೊಂದಾಣಿಕೆಯನ್ನೂ ಒಂದು ಕಟ್ಟಾಗಿ ಕಟ್ಟಿ, ಅದಕ್ಕೆ ಒಂದು ಹೆಸರು ಕೊಟ್ಟಾಗ ಅದು ಫೀಚರ್ ಎನಿಸುತ್ತದೆ. ತಮ್ಮದೇ ಫೀಚರ್ ಬರೆಯಬಯಸುವವರು ಅಬ್‌ಸ್ಟ್ರಾಕ್ಟ್‌ಫೀಚರ್ ಎಂಬ ಮಾದರಿ ವರ್ಗವನ್ನು, ಅಂದರೆ ಕ್ಲಾಸನ್ನು, ವಿಸ್ತರಿಸಿ, ಇಂಟರ್‌ಸೆಪ್ಟರುಗಳನ್ನು ಸೇರಿಸುವ ನಾಲ್ಕಾರು ಸಾಲುಗಳನ್ನು ಅದರಲ್ಲಿ ಬರೆದರೆ ಸಾಕು. ಬರೆಯುವುದು ಇಷ್ಟು ಸುಲಭವಾದ್ದರಿಂದಲೇ, ದೋಷ ಸರಪಳಿಗಳನ್ನು ಮರೆಯುವ ಸಾಧ್ಯತೆಯೂ ಹೆಚ್ಚು. ಎಲ್ಲವೂ ಸರಿಯಿದ್ದಾಗ ಮಾತ್ರ ದಾಖಲೆ ಬರೆದು, ದೋಷ ಸಂಭವಿಸಿದ ಗಳಿಗೆಯಲ್ಲಿ ಮೌನವಾಗುವ ದಾಖಲೆ ವ್ಯವಸ್ಥೆಯಿಂದ ಯಾರಿಗೂ ಪ್ರಯೋಜನವಿಲ್ಲ.

ಕಟ್ಟು ಸಿದ್ಧವಾದ ಮೇಲೆ ಅದನ್ನು ಎಲ್ಲಿ ತಗುಲಿಸಬೇಕೆಂಬ ಪ್ರಶ್ನೆ ಬರುತ್ತದೆ, ಮತ್ತು ವಿನ್ಯಾಸಕಾರನ ವಿವೇಕ ಪರೀಕ್ಷೆಗೊಳಗಾಗುವುದು ಇಲ್ಲಿಯೇ. ಮೊದಲ ಸ್ಥಾನ ಎಂಡ್‌ಪಾಯಿಂಟ್: ಸಂರಚನಾ ಕಡತದಲ್ಲಿ ಆ ಎಂಡ್‌ಪಾಯಿಂಟಿನ ವಿವರಣೆಯೊಳಗೆ ಫೀಚರುಗಳ ಪಟ್ಟಿ ಬರೆಯಬಹುದು, ಅಥವಾ ಸೇವೆಯ ಜಾವಾ ವರ್ಗದ ತಲೆಯ ಮೇಲೆಯೇ ಟಿಪ್ಪಣಿಯಾಗಿ, ಅಂದರೆ ಆನೊಟೇಷನ್ ಆಗಿ, ಫೀಚರಿನ ಹೆಸರು ಸೂಚಿಸಬಹುದು. ಎರಡನೆಯ ಸ್ಥಾನ ಬಸ್. ಸಿಎಕ್ಸ್‌ಎಫ್‌ನ ಎಲ್ಲ ಭಾಗಗಳೂ ಪರಸ್ಪರ ಕಂಡುಕೊಳ್ಳುವ, ಸಾಮಾನ್ಯ ಸಂಪನ್ಮೂಲಗಳು ಇರುವ ಕೇಂದ್ರ ವಸ್ತುವಿಗೆ ಈ ಹೆಸರಿದೆ. ಬಸ್ಸಿಗೆ ಸೇರಿಸಿದ ಇಂಟರ್‌ಸೆಪ್ಟರುಗಳು ಆ ಬಸ್ಸಿನ ಆಶ್ರಯದ ಎಲ್ಲ ಎಂಡ್‌ಪಾಯಿಂಟುಗಳ ಸರಪಳಿಗಳಲ್ಲೂ ಸೇರಿಕೊಳ್ಳುತ್ತವೆ, ಏಕೆಂದರೆ ಸಂದೇಶ ಬಂದಾಗ ಚೌಕಟ್ಟು ಬಸ್, ಸೇವೆ, ಎಂಡ್‌ಪಾಯಿಂಟ್ ಮತ್ತು ಸಂದೇಶದ ರೂಪವನ್ನು ನಿರ್ಧರಿಸುವ ಬೈಂಡಿಂಗ್ ಎಂಬ ನಾಲ್ಕೂ ಮಟ್ಟಗಳಿಂದ ಇಂಟರ್‌ಸೆಪ್ಟರುಗಳನ್ನು ಒಟ್ಟುಗೂಡಿಸಿ ಹಂತವಾರು ಜೋಡಿಸುತ್ತದೆ.

ಬಸ್ಸು ಮುಖ್ಯ ಹೆದ್ದಾರಿಯಂತೆ, ಎಂಡ್‌ಪಾಯಿಂಟ್ ಕವಲುದಾರಿಯಂತೆ: ಮುಖ್ಯ ಹೆದ್ದಾರಿಯ ಮೇಲೆ ನಿಂತ ಗೇಟ್ ಎಲ್ಲರನ್ನೂ ತಡೆಯುತ್ತದೆ, ಕವಲುದಾರಿಯ ಮೇಲೆ ನಿಂತದ್ದು ಆ ದಾರಿಯವರನ್ನು ಮಾತ್ರ. ಸುರತ್ಕಲ್ ಹೋರಾಟದ ವಾದವೂ ಗೇಟು ಇದ್ದ ಸ್ಥಳವನ್ನು ಕುರಿತದ್ದಾಗಿತ್ತು. ಒಂದೇ ಹೆದ್ದಾರಿಯ ಎರಡು ಸುಂಕದ ಗೇಟುಗಳ ನಡುವೆ ಸಾಮಾನ್ಯವಾಗಿ 60 ಕಿಲೋಮೀಟರ್ ಅಂತರವಿರಬೇಕೆಂಬ 2008ರ ಶುಲ್ಕ ನಿಯಮವಿರುವಾಗ, ಅದೇ ಹೆದ್ದಾರಿಯ ಹೆಜಮಾಡಿಯ ಗೇಟಿಗೆ ಅಷ್ಟು ಸಮೀಪದಲ್ಲಿ ಇನ್ನೊಂದು ಏಕೆ ಎಂಬುದು ಜನರ ಪ್ರಶ್ನೆಯಾಗಿತ್ತು. ತಂತ್ರಾಂಶದಲ್ಲೂ ತಪಾಸಣೆಯ ಅಗತ್ಯವನ್ನು ಒಪ್ಪಿದ ಮೇಲೂ ಅದು ಯಾರ ಮೇಲೆ ಬೀಳಬೇಕು ಎಂಬ ಪ್ರಶ್ನೆ ಬೇರೆಯಾಗಿಯೇ ಉಳಿಯುತ್ತದೆ. ಗಡಿಯಾರ ಹೊಂದಿಸುವ ಪುಟ್ಟ ಸಂದೇಶಕ್ಕೂ ದೊಡ್ಡ ಪಟ್ಟಿಗಳಿಗೆಂದು ಬರೆದ ಸಂಕೋಚನವನ್ನು ಅನ್ವಯಿಸಿದರೆ ಶ್ರಮವಷ್ಟೇ ಹೆಚ್ಚುತ್ತದೆ; ಸಿಎಕ್ಸ್‌ಎಫ್‌ನ ಸಂಕೋಚನ ಫೀಚರಿನಲ್ಲಿ, ಇಷ್ಟು ಗಾತ್ರಕ್ಕಿಂತ ಚಿಕ್ಕದಾದುದನ್ನು ಹಾಗೆಯೇ ಬಿಡು ಎಂಬ ಮಿತಿಯನ್ನು ಇಟ್ಟಿರುವುದು ಇದೇ ಕಾರಣಕ್ಕೆ.

ಬಸ್ಸಿಗೆ ಫೀಚರ್ ತಗುಲಿಸುವವರು ಒಂದು ಸೂಕ್ಷ್ಮವನ್ನು ಗಮನಿಸಬೇಕು. ಫೀಚರ್ ವರ್ಗದಲ್ಲಿ ಇನಿಶಿಯಲೈಸ್ ಎಂಬ ಆರಂಭಿಕ ವಿಧಾನಕ್ಕೆ ಹಲವು ರೂಪಗಳಿವೆ: ಸರ್ವರನ್ನು ಸ್ವೀಕರಿಸುವ ರೂಪ, ಗ್ರಾಹಕನನ್ನು ಅಂದರೆ ಕ್ಲೈಂಟನ್ನು ಸ್ವೀಕರಿಸುವ ರೂಪ, ಬಸ್ಸನ್ನು ಮಾತ್ರ ಸ್ವೀಕರಿಸುವ ರೂಪ. ಸೋಪ್ ಸೇವೆಯ ಎಂಡ್‌ಪಾಯಿಂಟಿಗೆ ತಗುಲಿಸಿದಾಗ ಸರ್ವರ್ ರೂಪವನ್ನು ಕರೆಯಲಾಗುತ್ತದೆ, ಆಗ ಆ ಎಂಡ್‌ಪಾಯಿಂಟಿನ ವಿಳಾಸ, ಸೇವೆಯ ಹೆಸರು ಎಲ್ಲವೂ ಫೀಚರಿನ ಕೈಗೆ ಸಿಗುತ್ತವೆ. ಬಸ್ಸಿಗೆ ತಗುಲಿಸಿದಾಗ ಬಸ್ ರೂಪವನ್ನು ಕರೆಯಲಾಗುತ್ತದೆ, ಆ ಹೊತ್ತಿಗೆ ಎಂಡ್‌ಪಾಯಿಂಟುಗಳು ಇನ್ನೂ ಹುಟ್ಟಿಯೇ ಇಲ್ಲದಿರಬಹುದು. ಇಂಟರ್‌ಸೆಪ್ಟರುಗಳನ್ನು ಸೇರಿಸುವುದಷ್ಟೇ ಉದ್ದೇಶವಾದರೆ ಇದರಿಂದ ತೊಂದರೆಯಿಲ್ಲ, ಬಸ್ಸೂ ಅವನ್ನು ಇಟ್ಟುಕೊಳ್ಳಬಲ್ಲದು. ಆದರೆ ಪ್ರತಿಯೊಂದು ಎಂಡ್‌ಪಾಯಿಂಟಿನ ಗುಣವನ್ನು ನೋಡಿ ಅದಕ್ಕೆ ತಕ್ಕಂತೆ ಬೇರೆ ಬೇರೆ ಏರ್ಪಾಡು ಮಾಡುವ ಫೀಚರನ್ನು ಸರ್ವರ್ ರೂಪದಲ್ಲಿ ಬರೆದು ಬಸ್ಸಿಗೆ ತಗುಲಿಸಿದರೆ, ಆ ಭಾಗ ಕರೆಯೇ ಬಾರದೆ ಸುಮ್ಮನೆ ಉಳಿಯುತ್ತದೆ. ದೋಷಸಂದೇಶವೂ ಕಾಣಿಸದ ಕಾರಣ ಇಂಥ ಲೋಪ ಬೇಗ ಗೋಚರಿಸುವುದಿಲ್ಲ. ಇದಕ್ಕೆ ಚೌಕಟ್ಟಿನಲ್ಲಿಯೇ ಪರಿಹಾರವಿದೆ: ಬಸ್ಸಿನಲ್ಲಿರುವ ಸರ್ವರ್ ಜೀವನಚಕ್ರದ ನಿರ್ವಾಹಕನ ಬಳಿ ಸರ್ವರ್‌ಲೈಫ್‌ಸೈಕಲ್‌ಲಿಸನರ್ ಎಂಬ ಕೇಳುಗನನ್ನು ನೋಂದಾಯಿಸಿದರೆ, ಯಾವುದೇ ಎಂಡ್‌ಪಾಯಿಂಟ್ ಆರಂಭವಾದಾಗಲೂ ನಿಂತಾಗಲೂ ಆ ಕೇಳುಗನಿಗೆ ಸುದ್ದಿ ಮುಟ್ಟುತ್ತದೆ, ಆಗ ತಕ್ಕ ಏರ್ಪಾಡನ್ನು ಮಾಡಬಹುದು. ಒಮ್ಮೆ ಬರೆದು ಎಲ್ಲಕ್ಕೂ ಅನ್ವಯಿಸುವ, ಆದರೂ ಪ್ರತಿಯೊಂದರ ಭಿನ್ನತೆಯನ್ನು ಗೌರವಿಸುವ ವಿಧಾನ ಇದೇ.

ದಾಖಲೆಯ ಫೀಚರನ್ನು ಬಸ್ಸಿಗೆ ತಗುಲಿಸಲು ಒಂದೇ ಸಾಲಿನ ಸಂರಚನೆ ಸಾಕಾಗುವುದರಿಂದ ಅದನ್ನು ಹಾಗೆಯೇ ಬಳಸುವ ರೂಢಿ ವ್ಯಾಪಕವಾಗಿದೆ. ಈ ರೂಢಿಯ ಬಗ್ಗೆ ಎಚ್ಚರಿಕೆ ಅತ್ಯಗತ್ಯ. ಎಚ್‌ಟಿಟಿಪಿಎಸ್ ಎಂಬ ಗೂಢಲಿಪಿಯ ರಕ್ಷಣೆ ಜಾಲದ ಮೇಲೆ ಸಾಗುವ ಸಂದೇಶಕ್ಕೆ ಮಾತ್ರ. ಇಂಟರ್‌ಸೆಪ್ಟರಿನ ಕೈಗೆ ಬರುವ ವೇಳೆಗೆ ಆ ಗೂಢಲಿಪಿಯನ್ನು ಬಿಡಿಸಲಾಗಿರುತ್ತದೆ. ಹೀಗಾಗಿ ಜಾಲದಲ್ಲಿ ಯಾರಿಗೂ ಕಾಣದ ಖಾತೆ ಸಂಖ್ಯೆ, ಮೊಬೈಲ್ ಸಂಖ್ಯೆ, ಗುಪ್ತಪದಗಳು ದಾಖಲೆಯ ಕಡತದಲ್ಲಿ ಸರಳ ಪಠ್ಯವಾಗಿ ಬಿದ್ದಿರಬಹುದು, ಮತ್ತು ಆ ಕಡತವನ್ನು ನೋಡುವ ಅಧಿಕಾರ ಮೂಲ ದತ್ತಾಂಶವನ್ನು ನೋಡುವ ಅಧಿಕಾರಕ್ಕಿಂತ ಸಡಿಲವಾಗಿರುವುದೇ ಹೆಚ್ಚು. ಸಿಎಕ್ಸ್‌ಎಫ್‌ನ ಹೊಸ ದಾಖಲೆ ಫೀಚರ್ ಸಂದೇಶದ ಮೊದಲ 48 ಕಿಲೋಬೈಟುಗಳನ್ನಷ್ಟೇ ಬರೆಯುವ ಪೂರ್ವನಿಗದಿತ ಮಿತಿಯನ್ನು ಹೊಂದಿದೆ, ಆದರೆ ಸುಂಕ ಕಡಿತದಂಥ ಸಂದೇಶದ ಎಲ್ಲ ಗುಟ್ಟುಗಳೂ ಆ ಮಿತಿಯೊಳಗೇ ಬಂದುಬಿಡುತ್ತವೆ. ಇತ್ತೀಚಿನ ಆವೃತ್ತಿಗಳಲ್ಲಿ ಸೂಕ್ಷ್ಮ ಮಾಹಿತಿಯ ಅಂಶಗಳ ಹೆಸರುಗಳನ್ನು ಮೊದಲೇ ಸೂಚಿಸಿ, ದಾಖಲೆಯಲ್ಲಿ ಅವುಗಳ ಮೌಲ್ಯವನ್ನು ಮರೆಮಾಚುವ ಸೌಲಭ್ಯವಿದೆ. ಸಾರ್ವಜನಿಕರ ಹಣ ಮತ್ತು ಗುರುತನ್ನು ನಿರ್ವಹಿಸುವ ಯಾವುದೇ ತಂತ್ರಾಂಶದಲ್ಲಿ ಈ ಸೌಲಭ್ಯವನ್ನು ಬಳಸದೆ ಬಸ್ ಮಟ್ಟದ ದಾಖಲೆ ಇಡುವುದನ್ನು ಬೇಜವಾಬ್ದಾರಿ ಎಂದೇ ಪರಿಗಣಿಸಬೇಕು.

ಎಲ್ಲಕ್ಕೂ ಅಥವಾ ಒಂದಕ್ಕೆ ಎಂಬ ಎರಡೇ ಆಯ್ಕೆಗಳಿವೆಯೆಂದು ಭಾವಿಸಬೇಕಾಗಿಲ್ಲ. ಒಂದೇ ತಂತ್ರಾಂಶದಲ್ಲಿ ಒಂದಕ್ಕಿಂತ ಹೆಚ್ಚು ಬಸ್ಸುಗಳನ್ನು ಸ್ಥಾಪಿಸಿ, ಹೊರಜಗತ್ತಿಗೆ ತೆರೆದ ಎಂಡ್‌ಪಾಯಿಂಟುಗಳನ್ನು ಒಂದರ ಆಶ್ರಯದಲ್ಲೂ ಸಂಸ್ಥೆಯೊಳಗಿನವನ್ನು ಇನ್ನೊಂದರ ಆಶ್ರಯದಲ್ಲೂ ಇಟ್ಟು, ಬೇರೆ ಬೇರೆ ಫೀಚರುಗಳನ್ನು ಅನ್ವಯಿಸಬಹುದು. ಯಾವ ಕರ್ತವ್ಯದಿಂದ ವಿನಾಯಿತಿ ಪಡೆದ ಎಂಡ್‌ಪಾಯಿಂಟ್ ಒಂದೂ ಇರಬಾರದೋ ಅದು, ಉದಾಹರಣೆಗೆ ಸಹಿಯ ಪರಿಶೀಲನೆ, ಬಸ್ಸಿಗೆ ಸೇರಬೇಕು, ಏಕೆಂದರೆ ನಾಳೆ ಹೊಸದಾಗಿ ಹುಟ್ಟುವ ಎಂಡ್‌ಪಾಯಿಂಟಿಗೂ ಅದು ತಾನಾಗಿಯೇ ಅನ್ವಯಿಸುತ್ತದೆ. ಯಾವುದರ ಉಪಯೋಗ ಸಂದೇಶದ ಸ್ವರೂಪವನ್ನು ಅವಲಂಬಿಸಿದೆಯೋ ಅದು ಎಂಡ್‌ಪಾಯಿಂಟಿನ ಬಳಿಯೇ ಉಳಿಯುವುದು ಮೇಲು. ಸಂದೇಹವಿದ್ದಾಗ, ಮರೆತರೆ ಆಗುವ ಹಾನಿ ದೊಡ್ಡದೋ ಅನಗತ್ಯವಾಗಿ ಅನ್ವಯಿಸಿದರೆ ಆಗುವ ಹಾನಿ ದೊಡ್ಡದೋ ಎಂದು ತೂಗಿ ನೋಡಬೇಕು.

ಜಾವಾದ ಸ್ವಂತ ಜಾಲಸೇವಾ ಮಾನದಂಡಗಳಲ್ಲೂ ಫೀಚರ್ ಎಂಬ ಹೆಸರಿನ ಬೇರೆ ವ್ಯವಸ್ಥೆಗಳಿರುವುದರಿಂದ, ಕಲಿಯುವವರು ತಾವು ಓದುತ್ತಿರುವುದು ಯಾವುದನ್ನು ಕುರಿತೆಂದು ಪ್ರತಿ ಬಾರಿಯೂ ಖಚಿತಪಡಿಸಿಕೊಳ್ಳಬೇಕಾಗುತ್ತದೆ. ಸಿಎಕ್ಸ್‌ಎಫ್‌ನ ಮೂಲ ಕ್ರಮವಿಧಿಯೆಲ್ಲವೂ ಅಪಾಚೆ ಪರವಾನಗಿಯಡಿ ಯಾರು ಬೇಕಾದರೂ ಓದಲು ಮುಕ್ತವಾಗಿದೆ, ಮತ್ತು ಅದರ ಸಿದ್ಧ ಫೀಚರುಗಳ ವರ್ಗಗಳು ಗಾತ್ರದಲ್ಲಿ ಬಹಳ ಚಿಕ್ಕವು. ಸುರತ್ಕಲ್‌ನಂಥ ಊರಿನ ತಾಂತ್ರಿಕ ಕಾಲೇಜುಗಳಲ್ಲಿ ಜಾವಾ ಕಲಿಯುತ್ತಿರುವ ವಿದ್ಯಾರ್ಥಿಗಳು ಮೊದಲು ದಾಖಲೆ ಫೀಚರಿನ ಕಡತವನ್ನು ತೆರೆದು ಓದಲಿ, ಅನಂತರ ಅದೇ ಮಾದರಿಯಲ್ಲಿ ತಮ್ಮದೊಂದನ್ನು ಬರೆದು, ಅದನ್ನು ಎಂಡ್‌ಪಾಯಿಂಟಿಗೊಮ್ಮೆ ಬಸ್ಸಿಗೊಮ್ಮೆ ತಗುಲಿಸಿ, ಇನಿಶಿಯಲೈಸ್‌ನ ಯಾವ ರೂಪಕ್ಕೆ ಕರೆ ಬರುತ್ತದೆಂದು ತಾವೇ ಪರೀಕ್ಷಿಸಿ ನೋಡಲಿ.